ಗುರುಬಾಯಿಯ ಕಣ್ಣ ಕೆಳಗಿನ ಬಾವು

ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡೆ. ಕೆಲವು ದಿನ ಕರಿ ಚಸ್ಮಾ ಹಾಕಿಕೊಂಡು ಕುರುಡಿಯ ಹಾಗೆ ಗೋಡೆ ಹಿಡಿದು ಓಡಾಡಿದ ಮೇಲೆ, ಲೋಕವೆಲ್ಲ ಬೂದಿ ಹಚ್ಚಿ ತಿಕ್ಕಿ ತೊಳೆದ ತಾಟಿನ ಹಾಗೆ ಫಳಫಳ ಕಾಣತೊಡಗಿತು. ಇದು ಸಂತೋಷದ ಸುದ್ದಿ ಎಂದು ನೀವು ತಿಳಿಯುವ ಮೊದಲೇ ಹೇಳಿಬಿಡುತ್ತೇನೆ, ಸ್ಪಷ್ಟವಾಗಿ ಕಾಣುವುದರಲ್ಲಿ ಅಂಥ ಸುಖವೇನೂ ಇಲ್ಲ. ಅಡುಗೆಮನೆಯ ಮಾಡಿನಲ್ಲಿ ಜೇಡರ ಬಲೆ ಕಂಡಿತು. ಬಿಳಿಯದು ಎಂದು ಇಷ್ಟು ವರ್ಷ ಅಭಿಮಾನದಿಂದ ಉಟ್ಟ ಸೀರೆ ಬಿಳಿಯದಲ್ಲ ಎಂದು ತಿಳಿಯಿತು. ಇರಲಿ ಎಂದು ಕನ್ನಡಿ ನೋಡಿದರೆ ಅಲ್ಲೊಬ್ಬ ಮುದುಕಿ ನಿಂತಿದ್ದಾಳೆ, ಆಕೆಯ ಎರಡೂ ಕಣ್ಣುಗಳ ಕೆಳಗೆ ಉಬ್ಬಿದ ಸಣ್ಣ ಚೀಲಗಳು. ನಮ್ಮ ಅಜ್ಜಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿಯೇ ಎರಡು ಭಾಗವಾಗಿ ಬಂದು ಮುಖದ ಮೇಲೆ ಕೂತಂತಿತ್ತು.

ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರರನ್ನು ಕೇಳಿದೆ. ಚಿಕ್ಕ ವಯಸ್ಸಿನವರು. ನಾನು ಇಷ್ಟುದ್ದ ಪೀಠಿಕೆ ಹಾಕುತ್ತಿದ್ದರೆ ಅವರು ಚೀಟಿ ಬರೆಯುತ್ತಲೇ ಒಂದೊಂದು ಪ್ರಶ್ನೆ ಕೇಳಿದರು. ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯೇ? ದಿಂಬು ಇಲ್ಲದೆ ಮಲಗುತ್ತೀರಾ? ನೆಗಡಿ, ಸೀನು? ನಿದ್ದೆ ಹೇಗೆ? ಬಗ್ಗಿ ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಕುಳಿ ಬೀಳಲಿಲ್ಲ. ಆಮೇಲೆ ತಲೆಯೆತ್ತಿ ಕೇಳಿದರು:

"ನಿಮ್ಮ ತಾಯಿ, ಅಣ್ಣತಮ್ಮರಿಗೆ ಹಿಂಗ ಇತ್ತೇನ್ರಿ?"

ನನ್ನ ತಾಯಿಗೆ ಇತ್ತು. ಈಗ ನೆನಪಾಯಿತು.

"ಹಂಗಾರ ಮನೆತನದ್ದು ಬಿಡ್ರಿ. ರಾತ್ರಿ ಉಪ್ಪು ಕಡಿಮಿ ಮಾಡ್ರಿ, ತಲಿ ಕೆಳಗ ಇನ್ನೊಂದು ದಿಂಬು ಇಟ್ಕೋರಿ, ಮುಂಜಾನೆ ತಣ್ಣೀರಾಗ ಅದ್ದಿದ ಅರಿವಿ ಇಡ್ರಿ. ಕಾಲಿಗೂ ಬಾವು ಬಂತಂದ್ರ ಮಾತ್ರ ಲಗೂ ಬರ್ರಿ, ಮೂತ್ರ ತಪಾಸ ಮಾಡಬೇಕಾಗ್ತೈತಿ."

ಇಷ್ಟೇ. ಒಂದು ಕಪ್ಪು ಚಹಾ ಆರುವಷ್ಟೂ ಹೊತ್ತಾಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತವಳಿಗೆ ಏಳುವುದಾಗಲಿಲ್ಲ. ಮಗಳು ಗಾಬರಿಯಾಗಿ ನೀರು ತಂದಳು. ಏನೂ ಆಗಿಲ್ಲ ಬಿಡು ಎಂದೆ. ಅವಳಿಗೆ ಹೇಗೆ ಹೇಳಲಿ? ಆ ಹುಡುಗ ಡಾಕ್ಟರು ಕೇಳಿದ ಪ್ರಶ್ನೆಯನ್ನು ಕೇಳಲು ನನಗೆ ಒಂದು ಕಾಲದಲ್ಲಿ ಒಂದೂವರೆ ವರ್ಷದ ಅವಕಾಶವಿತ್ತು. ನಾನು ಕೇಳಲಿಲ್ಲ. ಕೇಳದೆಯೇ ಔಷಧ ಕೊಟ್ಟೆ. ಆ ಔಷಧ ಒಬ್ಬಳ ಬದುಕನ್ನು ಎತ್ತಿ ಬೇರೆಡೆಗೆ ಇಟ್ಟಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ತಾಂಬಾದವಳು. ಟ್ರೇನಿಂಗ್ ಮುಗಿಸಿ, ಇಪ್ಪತ್ತೆರಡನೆಯ ವಯಸ್ಸಿಗೆ ಸಿಂದಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ನೌಕರಿಗೆ ಸೇರಿದೆ. ಹೆಣ್ಣುಮಗಳು ಒಬ್ಬಳೇ ಊರು ಬಿಟ್ಟು ಇರುವುದು ಆಗ ಸಣ್ಣ ಮಾತಲ್ಲ. ಅಪ್ಪ ಬಂದು, ಊರೆಲ್ಲ ತಿರುಗಿ, ಕಡೆಗೆ ಒಬ್ಬ ಮುದುಕಿಯ ಮನೆಯಲ್ಲಿ ಒಂದು ಖೋಲಿ ಹಿಡಿದುಕೊಟ್ಟ. ಆ ಖೋಲಿಯಲ್ಲಿ ಆಗಲೇ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿ ಇದ್ದಳು. ಗುರುಬಾಯಿ. ಬಾಗೇವಾಡಿ ತಾಲೂಕಿನ ಮುಳವಾಡದವಳು, ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಾನು ಅಕ್ಕಾ ಎನ್ನುತ್ತಿದ್ದೆ. ಅವಳು ಶಾಲೆಯಲ್ಲಿ ಕರೆದಂತೆ ಮನೆಯಲ್ಲೂ ನನ್ನನ್ನು 'ಅಕ್ಕೋರ' ಎಂದು, ಶಿಕ್ಷಕಿಯರನ್ನು ಕರೆಯುವ ಬಹುವಚನದಲ್ಲೇ ಕರೆಯುತ್ತಿದ್ದಳು. ಮನೆಯಲ್ಲಾದರೂ ಹೆಸರು ಹಿಡಿದು ಕರಿ ಎಂದರೆ, ರೂಢಿ ತಪ್ಪಿದರೆ ನಾಳೆ ಹುಡುಗಿಯರೆದುರಿಗೆ ಬಾಯಿ ತಪ್ಪುತ್ತದೆ ಎನ್ನುತ್ತಿದ್ದಳು.

ಅವಳ ಕಥೆಯನ್ನು ಮನೆಯ ಒಡತಿ ಆಯಿ ಮೊದಲ ವಾರವೇ ನನ್ನ ಕಿವಿಗೆ ಹಾಕಿದಳು. ಹದಿನೇಳಕ್ಕೆ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಗುರುಬಾಯಿ ಒಂದು ಟ್ರಂಕು ಹೊತ್ತು ತವರಿಗೆ ಬಂದಳು. ಅಣ್ಣ ಸಂಗಪ್ಪ ತಂಗಿಗೆ ಜೀವ. ಮನೆಯಲ್ಲಿ ಬೇಡವೆಂದರೂ ಕೇಳದೆ ಅವಳನ್ನು ಮುಂದೆ ಓದಿಸಿ, ಟ್ರೇನಿಂಗ್ ಮಾಡಿಸಿ, ನೌಕರಿಗೆ ಕಳಿಸಿದ್ದ.

ಈ ಕಥೆ ಕೇಳಿದ ಮರುದಿನ ಮುಂಜಾನೆ ನಾನು ಗುರುಬಾಯಿಯ ಮುಖವನ್ನು ಸರಿಯಾಗಿ ನೋಡಿದೆ. ಚಾಪೆಯ ಮೇಲೆ ಎದ್ದು ಕೂತಿದ್ದಳು. ಕಣ್ಣ ಕೆಳಗೆ ಎರಡೂ ಕಡೆ ತುಂಬಿಕೊಂಡ ಬಾವು.

ನನಗೆ ಅಷ್ಟೇ ಸಾಕಾಯಿತು.

ನನ್ನ ತಪ್ಪನ್ನು ಸಣ್ಣದು ಮಾಡಲು ಹೇಳುತ್ತಿಲ್ಲ, ಆದರೆ ನಾನು ಬೆಳೆದ ಕಡೆ ಕಣ್ಣಿನ ಬಾವಿಗೆ ಇನ್ನೊಂದು ಅರ್ಥವೇ ಇರಲಿಲ್ಲ. ತಾಂಬಾದಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹೋದವಳು ಅತ್ತೆಯಾದರೆ ಮೂರನೆಯ ದಿನ ನೆರೆಮನೆಯವರು ಬಂದು ಕೂತು, ಬಾಯಲ್ಲಿ ಸಮಾಧಾನ ಹೇಳುತ್ತ ಕಣ್ಣಲ್ಲಿ ಸೊಸೆಯಂದಿರ ಕಣ್ಣು ಅಳೆಯುತ್ತಾರೆ. ಯಾರ ಕಣ್ಣು ಎಷ್ಟು ಬಾತಿದೆಯೋ ಅವಳಿಗೆ ಅತ್ತೆಯ ಮೇಲೆ ಅಷ್ಟು ಮಾಯೆ. ನಮ್ಮ ಅಜ್ಜಿ ಹೋದಾಗ, ಲಚ್ಯಾಣದಿಂದ ಸೊಸೆಯಾಗಿ ಬಂದ ಚಿಗವ್ವನಿಗೆ ಏನು ಮಾಡಿದರೂ ಅಳು ಬರಲಿಲ್ಲ. ಬರುವ ಹಾಗೂ ಇರಲಿಲ್ಲ, ಆ ಮುದುಕಿ ಚಿಗವ್ವನಿಗೆ ಹತ್ತು ವರ್ಷ ಒಂದು ತುತ್ತನ್ನೂ ಸಮಾಧಾನದಿಂದ ಉಣಗೊಟ್ಟವಳಲ್ಲ. ಪಾಪ, ಮೂರನೆಯ ದಿನ ಮುಂಜಾನೆ ಅಡುಗೆಮನೆಯ ಕತ್ತಲಲ್ಲಿ ಕೂತು ಉಳ್ಳಾಗಡ್ಡಿ ಕೊಯ್ದು ಕೊಯ್ದು ಕಣ್ಣಿಗೆ ಒರೆಸಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಅವತ್ತು ಬಂದವರೆಲ್ಲ ಚಿಗವ್ವನಂಥ ಸೊಸೆ ಇಲ್ಲ ಎಂದು ಹೊಗಳಿದರು. ನನಗಾಗ ಎಂಟೋ ಒಂಬತ್ತೋ ವರ್ಷ. ಬಾತ ಕಣ್ಣು ಸುಳ್ಳು ಹೇಳಬಹುದು ಎಂಬ ಪಾಠ ಅಲ್ಲೇ ಇತ್ತು, ನಾನು ಕಲಿಯಲಿಲ್ಲ. ಬಾತ ಕಣ್ಣಿಗೆ ಗೌರವ ಸಿಗುತ್ತದೆ ಎಂಬುದನ್ನಷ್ಟೇ ಕಲಿತೆ.

ಮೇಲಾಗಿ ನಾನಾಗ ಕಾದಂಬರಿ ಓದುವ ಹುಚ್ಚಿನವಳು. ವಾಚನಾಲಯದಿಂದ ವಾರಕ್ಕೆರಡು ತಂದು ಮುಗಿಸುತ್ತಿದ್ದೆ. ಅವುಗಳಲ್ಲಿ ಗಂಡ ಬಿಟ್ಟ ಹೆಂಗಸು ದಿಂಬು ತೋಯಿಸದೆ ಮಲಗಿದ್ದನ್ನು ನಾನು ಒಮ್ಮೆಯೂ ಓದಿರಲಿಲ್ಲ. ಅಂಥ ನಾಯಕಿಗೆ ಒಬ್ಬ ಗೆಳತಿ ಇರುತ್ತಾಳೆ, ಅವಳು ಕಥೆಯ ಕೊನೆಗೆ ಎಲ್ಲವನ್ನೂ ಸರಿಮಾಡುತ್ತಾಳೆ. ಆ ಗೆಳತಿಯ ಪಾತ್ರ ನನ್ನದು ಎಂದು ನಾನೇ ನಿರ್ಧರಿಸಿಕೊಂಡೆ. ಗುರುಬಾಯಿಗೆ ದಿಂಬೇ ಇರಲಿಲ್ಲ ಎಂಬ ಸಣ್ಣ ಸಂಗತಿ ನನ್ನ ತಲೆಗೆ ಹೋಗಲಿಲ್ಲ. ಅವಳು ಬರೀ ಚಾಪೆಯ ಮೇಲೆ ಬೋರಲಾಗಿ, ಮುಖ ನೆಲಕ್ಕೆ ಒತ್ತಿ ಮಲಗುವವಳು. ಮಲಗಿದರೆ ಕೊರಡು. ರಾತ್ರಿ ಊಟಕ್ಕೆ ಪಲ್ಯ ಎಷ್ಟಿದ್ದರೂ, ಊರಿಂದ ಬಂದ ಕೆಂಪು ಮೆಣಸಿನಕಾಯಿಯ ರಂಜಕದ ಗಡಿಗೆಗೆ ಕೈ ಹಾಕದೆ ರೊಟ್ಟಿ ಮುಗಿಸುತ್ತಿರಲಿಲ್ಲ. ಅದರಲ್ಲಿನ ಉಪ್ಪಿಗೆ ನಾಲಿಗೆ ಸುಲಿಯಬೇಕು. ಧೂಳೆದ್ದರೆ ಸಾಲು ಸಾಲಾಗಿ ಸೀನುವವಳು. ಈಗ ಹೇಳಿ, ಆ ಡಾಕ್ಟರು ಬರೆದ ಚೀಟಿಯಲ್ಲಿ ಇನ್ನೇನು ಬಾಕಿ ಉಳಿಯಿತು? ಎಲ್ಲವೂ ನನ್ನ ಕಣ್ಣೆದುರೇ ಇತ್ತು.

ನಾನು ಮಾತ್ರ ಉಪಚಾರ ಶುರು ಮಾಡಿದೆ. ಮುಂಜಾನೆ ಸೋಸಿದ ಚಹಾಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಆರಿಸಿ ಅವಳ ಕಣ್ಣಿಗಿಟ್ಟೆ. ಮುಖವೆಲ್ಲ ಕಂದುನೀರು ಇಳಿದು, ಶಾಲೆಗೆ ಹೋಗುವ ಹೊತ್ತಿಗೆ ಸರಿಯಾಗಿ ಮತ್ತೆ ಸ್ನಾನ ಮಾಡಬೇಕಾಯಿತು. ಆಲೂಗಡ್ಡೆಯ ಹೋಳು ಇಟ್ಟೆ. ಆಯಿ ತನ್ನ ಕಡೆಯಿಂದ ಔಡಲೆಣ್ಣೆ ಹಚ್ಚಿದಳು, ಕೊತ್ತಂಬರಿ ಬೀಜ ನೆನೆಹಾಕಿದ ನೀರು ಕುಡಿಸಿದಳು, ಅದೂ ಸಾಲದೆ ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದಳು. ಗುರುಬಾಯಿ ಎಲ್ಲಕ್ಕೂ ಮುಖ ಒಡ್ಡಿ ಕೂತುಬಿಡುತ್ತಿದ್ದಳು. ಇವರಿಗೆ ಹೊತ್ತು ಹೋಗಲೊಲ್ಲದು, ಆಡಲಿ ಎಂಬಂತೆ.

ಒಂದು ಭಾನುವಾರ ಸಂತೆಯಿಂದ ಎಳೆಯ ಸವತಿಕಾಯಿ ತಂದೆ. ತೆಳ್ಳಗೆ ಬಿಲ್ಲೆ ಕೊಯ್ದು, ಅವಳನ್ನು ಮಲಗಿಸಿ, ಅಕ್ಕಾ, ಸವತಿ ಭಾಳ ತಂಪು ಎಂದು ಹೇಳಿಯೇಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಹೊಟ್ಟೆ ನಗುವಿಗೆ ಕುಣಿಯತೊಡಗಿತು. ಕಣ್ಣ ಮೇಲಿನ ಬಿಲ್ಲೆಗಳು ಜಾರಿ ಬಿದ್ದವು.

"ಊರಾಗ ಒಬ್ಬಾಕಿ ಅದಾಳಲ್ರಿ ಅಕ್ಕೋರ, ಸಾಲದೇನು? ಇಲ್ಲಿ ಇಬ್ಬರನ್ನ ತಂದು ಕಣ್ಣ ಮ್ಯಾಲ ಕೂಡ್ರಸೀರಿ."

ಹೀಗೆಂದು ಎದ್ದು ಕೂತು, ಬಿದ್ದ ಬಿಲ್ಲೆಗಳಿಗೆ ಉಪ್ಪು ಹಚ್ಚಿ ತಿಂದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಆ ನೀರನ್ನೂ ನಾನು ದುಃಖದ ಲೆಕ್ಕಕ್ಕೇ ಹಿಡಿದೆ. ಎಂಥ ಹೆಂಗಸು, ನಗುವಿನ ಹಿಂದೆ ಎಷ್ಟು ನೋವು ಬಚ್ಚಿಟ್ಟಿದ್ದಾಳೆ ಎಂದುಕೊಂಡೆ. ನಾನು ಅವಳನ್ನು ನಿಜವಾಗಿ ಪ್ರೀತಿಸುತ್ತಿದ್ದೆ, ಅದು ಸುಳ್ಳಲ್ಲ. ಆದರೆ ಅವಳ ದುಃಖದ ಮೇಲೆ ನನಗೆ ಇನ್ನೂ ಹೆಚ್ಚು ಪ್ರೀತಿ ಹುಟ್ಟಿತ್ತು.

ಆ ಒಂದೂವರೆ ವರ್ಷದಲ್ಲಿ ಗುರುಬಾಯಿ ಹೇಗಿದ್ದಳು ಎಂದು ಈಗ ಕಣ್ಣು ಮುಚ್ಚಿ ನೆನೆಯುತ್ತೇನೆ. ಮುಂಜಾನೆ ನೀರು ತರುವಾಗ ಗುನುಗುತ್ತಿದ್ದಳು. ತನ್ನ ಹಣದಲ್ಲಿ ಮೊದಲ ಸಲ ಕೊಂಡ ಕೈಗಡಿಯಾರವನ್ನು ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಶಾಲೆಯ ಹಂಚಿನ ಮೇಲೆ ಮಳೆ ಬಿದ್ದು ಪಾಠ ಕೇಳದಾದರೆ, ನಾಲ್ಕನೆಯ ಇಯತ್ತೆಯ ಹುಡುಗಿಯರನ್ನೆಲ್ಲ ಸುತ್ತ ಕೂಡಿಸಿಕೊಂಡು ಅವರಿಂದಲೇ ಕಥೆ ಹೇಳಿಸುತ್ತಿದ್ದಳು. ನಾನು ನೋಡಿದ ಹೆಂಗಸರಲ್ಲಿ ತನ್ನ ದಿನವನ್ನು ಅಷ್ಟು ಇಷ್ಟಪಟ್ಟು ಕಳೆದವರು ಕಡಿಮೆ. ಇದೆಲ್ಲ ಆಗಲೂ ನನ್ನ ಕಣ್ಣಿಗೆ ಬೀಳುತ್ತಿತ್ತು, ಬಿದ್ದು ಜಾರಿ ಹೋಗುತ್ತಿತ್ತು.

ಎರಡನೆಯ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಊರಿಂದ ಕಾಗದ ಬಂತು. ಓದುತ್ತ ಓದುತ್ತ ಮೂಗು ಎಳೆದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನೂ ಹೇಳದೆ ಮಡಚಿ ಟ್ರಂಕಿಗೆ ಹಾಕಿದಳು. ಅದು ಅವಳು ಸಾಕಿದ್ದ ಆಕಳು ಕರು ಹಾಕಿದ ಸುದ್ದಿಯಂತೆ, ಮತ್ತು ಅವಳಿಗೆ ಅವತ್ತು ನೆಗಡಿಯಂತೆ. ನನಗೆ ಬಹಳ ತಡವಾಗಿ ತಿಳಿಯಿತು. ಅವತ್ತು ಮಾತ್ರ ಇನ್ನು ಸುಮ್ಮನಿರುವುದು ಪಾಪ ಎನ್ನಿಸಿತು. ಆ ಕಾಗದದ ಹಿಂದಿನ ವಿಳಾಸ ನೋಡಿಟ್ಟುಕೊಂಡು, ಮರುದಿನ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಒಂದು ನೀಲಿ ಇನ್‌ಲ್ಯಾಂಡಿನಲ್ಲಿ ಸಂಗಪ್ಪನಿಗೆ ಬರೆದೆ.

ಹೇಳಲು ನಾಚಿಕೆಯಾಗುತ್ತದೆ, ಅದನ್ನು ನಾನು ಮೂರು ಸಲ ಕಚ್ಚಾ ಬರೆದು ತಿದ್ದಿದ್ದೆ. 'ನಿಮ್ಮ ತಂಗಿ ದಿನವೂ ಕಣ್ಣೀರಿನಲ್ಲಿ ಕೈ ತೊಳೆಯುತ್ತಿದ್ದಾಳೆ. ಮುಂಜಾನೆ ಆಕೆಯ ಬಾತ ಕಣ್ಣುಗಳನ್ನು ನೋಡಿದರೆ ಕಲ್ಲೂ ಕರಗೀತು. ಹೆಣ್ಣಿಗೆ ನೌಕರಿಯೊಂದೇ ಆಸರೆಯಲ್ಲ.' ಆ ಕೊನೆಯ ಸಾಲು ಬರೆದು ನನಗೆ ನಾನೇ ಮೆಚ್ಚಿಕೊಂಡೆ. ಅದರ ಅರ್ಥವೇನು ಎಂದು ನನಗೇ ಗೊತ್ತಿರಲಿಲ್ಲ. ಅಣ್ಣ ಬಂದು ನಾಲ್ಕು ದಿನ ಊರಿಗೆ ಕರೆದುಕೊಂಡು ಹೋಗಲಿ, ತಾಯಿಯನ್ನು ಕೆಲವು ದಿನ ಇಲ್ಲಿ ತಂದು ಬಿಡಲಿ, ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅದನ್ನು ಬರೆಯಲಿಲ್ಲ. ಬರೆದರೆ ಕಾಗದ ಸಪ್ಪಗಾಗುತ್ತಿತ್ತು. ಕೆಳಗೆ ಹೆಸರು ಹಾಕದೆ 'ನಿಮ್ಮ ತಂಗಿಯ ಹಿತವನ್ನು ಬಯಸುವ ಗೆಳತಿ' ಎಂದು ಸಹಿ ಮಾಡಿದೆ.

ಒಂದೂವರೆ ತಿಂಗಳು ಏನೂ ಆಗಲಿಲ್ಲ. ನಾನು ಮರೆತೇಬಿಟ್ಟಿದ್ದೆ. ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ, ಹನ್ನೊಂದು ಗಂಟೆಯ ಸುಮಾರಿಗೆ, ಬಾಗೇವಾಡಿಯಲ್ಲಿ ಬಸ್ಸು ಬದಲಿಸಿಕೊಂಡು ಸಂಗಪ್ಪ ಬಂದ. ಬಿಳಿ ಧೋತರ, ಕೇಸರಿ ರುಮಾಲು, ಹೆಗಲಿಗೆ ಸೀತನಿ ತುಂಬಿದ ಚೀಲ. ಎಳೆಯ ಜೋಳದ ತೆನೆ ಸುಟ್ಟು ತಿಕ್ಕಿದ ಸೀತನಿ ಎಂದರೆ ತಂಗಿಗೆ ಪ್ರಾಣವಂತೆ. ಗುರುಬಾಯಿ ಸಣ್ಣ ಹುಡುಗಿಯ ಹಾಗೆ ಓಡಿಹೋಗಿ ಚೀಲ ಇಸಿದುಕೊಂಡಳು. ನಾನು ಕೈಕಾಲಿಗೆ ನೀರು ಕೊಟ್ಟೆ. ಆತ ರುಮಾಲು ತೆಗೆದಿಟ್ಟು, ಮುಖ ತೊಳೆದು, ಒರೆಸಿಕೊಂಡು, ಬೆಳಕಿಗೆ ಮುಖ ಮಾಡಿ ಕೂತ.

ನಾನು ಚಹಾದ ಕಪ್ಪು ಬಸಿ ಹಿಡಿದುಕೊಂಡು ಹಾಗೇ ನಿಂತೆ. ನಲವತ್ತರ ಗಂಡಸು. ಎತ್ತಿನಂಥ ಆಳು. ಅವನ ಎರಡೂ ಕಣ್ಣುಗಳ ಕೆಳಗೆ ಅದೇ ಬಾವು. ಅದೇ ಆಕಾರ, ಎಡಗಣ್ಣಿನದು ಕೊಂಚ ಹೆಚ್ಚು, ಗುರುಬಾಯಿಯದೂ ಹಾಗೆಯೇ. ಯಾರೋ ಒಂದೇ ಅಚ್ಚಿನಿಂದ ಎರಡು ಮುಖಕ್ಕೆ ಒತ್ತಿದಂತಿತ್ತು.

ಆ ಗಳಿಗೆಯಲ್ಲಿ ನನಗೆ ಎಲ್ಲ ತಿಳಿಯಿತು. ಅವಳು ಅಳುತ್ತಿರಲಿಲ್ಲ. ಒಂದು ದಿನವೂ ಅತ್ತಿರಲಿಲ್ಲ.

ಸಂಗಪ್ಪ ಚಹಾ ಕುಡಿದು ಬಸಿ ಬೋರಲು ಹಾಕಿ ಮಾತು ತೆಗೆದ. ಅವನಿಗೆ ಸುತ್ತುಬಳಸು ಗೊತ್ತಿರಲಿಲ್ಲ. ಕಾಗದ ಬಂದ ಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲವಂತೆ. ನೌಕರಿಗೆ ಕಳಿಸಿ ತಪ್ಪು ಮಾಡಿದೆ, ಗಂಡನ ಹಂಬಲದಲ್ಲಿ ಮಗಳು ಸವೆಯುತ್ತಿದ್ದಾಳೆ ಎಂದು ತಾಯಿ ಹಾಸಿಗೆ ಹಿಡಿದಳಂತೆ. ಅವನು ಮುದ್ದೇಬಿಹಾಳದ ಕಡೆಗೆ ಎರಡು ಸಲ ಹೋಗಿ, ಹಿರಿಯರನ್ನು ಕೂಡಿಸಿ, ಆ ಮನುಷ್ಯನ ಮುಂದೆ ರುಮಾಲು ಬಿಚ್ಚಿಟ್ಟು ಕೇಳಿಕೊಂಡು ಬಂದಿದ್ದ. ಎರಡನೆಯವಳು ಎರಡು ಹೆತ್ತ ಮೇಲೆ ಸೊರಗಿದ್ದಾಳೆ, ಮನೆಯಲ್ಲಿ ಕೈ ಸಾಲವು, ಬಂದರೆ ಬರಲಿ ಎಂದು ಒಪ್ಪಿದ್ದರು. ಒಳ್ಳೆಯ ದಿನವೂ ನೋಡಿಯಾಗಿತ್ತು. ಇದನ್ನೆಲ್ಲ ಹೇಳುವಾಗ ಅವನ ಮುಖದಲ್ಲಿ ದೊಡ್ಡ ಹೊರೆ ಇಳಿಸಿದವನ ಸಮಾಧಾನವಿತ್ತು.

ಗುರುಬಾಯಿ ಸೀತನಿ ಹಸನು ಮಾಡುತ್ತ ಕೂತಿದ್ದಳು. ಕೈ ನಿಂತಿತು.

"ನಾ ಅತ್ತಿಲ್ಲಣ್ಣಾ," ಎಂದಳು.

"ಬಾಯಿ ಇಲ್ಲ ಅಂದ್ರೂ ಕಣ್ಣ ಹೇಳತಾವ ತಂಗಿ."

"ಮತ್ತ ನಿನ್ನ ಕಣ್ಣ ಏನ ಹೇಳತಾವ?"

ಅವನಿಗೆ ಅರ್ಥವಾಗಲಿಲ್ಲ. ಅರಿಯದೆ ಕೈ ಕಣ್ಣ ಕೆಳಗೆ ಹೋಯಿತು, ಅಲ್ಲೇ ಒಂದು ಗಳಿಗೆ ನಿಂತಿತು. ಇದು ಮನೆತನದ ಬಾವು ಎಂದು ಈಗ ಅವನಿಗೆ ತಿಳಿದೀತು ಎಂದುಕೊಂಡೆ. ಆದರೆ ಅವನು ಕೈ ಇಳಿಸಿ, ನಾ ಗಂಡಸು, ನನ್ನ ಮಾತು ಬ್ಯಾರೆ ಎಂದ. ಊರು ಕೇರಿಯವರು ಬರೆದು ತಿಳಿಸುವ ಮಟ್ಟಕ್ಕೆ ಹೋದ ಮೇಲೆ ಇನ್ನು ಮುಚ್ಚಿಡುವುದೇನು ಎಂದ. ಜೇಬಿನಿಂದ ಆ ನೀಲಿ ಕಾಗದ ತೆಗೆದು ಅವಳ ಮುಂದಿಟ್ಟ.

ಗುರುಬಾಯಿ ಅದನ್ನು ಕೈಗೆತ್ತಿಕೊಂಡು ಮೇಲಿಂದ ಕೆಳಗೆ ಓದಿದಳು. ಮಡಚಿದಳು. ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನು ನಾನು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ.

"ಅಕ್ಕೋರ, ನೀವರ ಹೇಳ್ರಿ. ಒಂದೂವರಿ ವರ್ಷಾತು, ಒಂದ ಖೋಲಿಯೊಳಗ ಅದೀವಿ. ನಾ ಅತ್ತದ್ದು ನೋಡೀರೇನು?"

ನೋಡಿರಲಿಲ್ಲ. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಸಂಗಪ್ಪ ನನ್ನನ್ನೇ ನೋಡುತ್ತಿದ್ದ. ಅವನು ಹಟಮಾರಿಯಲ್ಲ, ತಂಗಿಯ ಮೇಲಿನ ಪ್ರೀತಿಯಿಂದಲೇ ಬಂದವನು, ನಾನು ಹೇಳಿದ್ದರೆ ಕೇಳುತ್ತಿದ್ದನೋ ಏನೋ. ಆದರೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಹಾಗಾದರೆ ಇದನ್ನು ಬರೆದವರು ಯಾರು, ಯಾಕೆ ಬರೆದರು? ಒಬ್ಬ ಪರಗಂಡಸಿಗೆ ಕಾಗದ ಬರೆದ ಹುಡುಗಿ ಎಂಬ ಮಾತು ತಾಂಬಾದವರೆಗೆ ಹೋದರೆ? ನನ್ನ ಮದುವೆಯ ಮಾತು ಆಗ ನಡೆದಿತ್ತು. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಸುತ್ತಿತು. ನಾನು ನೆಲ ನೋಡುತ್ತ ಹೇಳಿದೆ:

"ನಿಮ್ಮ ಮನೆತನದ ಮಾತು, ನಡುವ ನಾ ಏನ ಹೇಳ್ಲಿ ಅಕ್ಕಾ."

ಅವಳು ಅಣ್ಣನಿಗೆ ಉಣ್ಣಲಿಕ್ಕೆ ಬಡಿಸಲು ಎದ್ದಳು.

ಎದುರು ವಾದಿಸಲಿಲ್ಲ ಎಂದಲ್ಲ. ಎರಡು ದಿನ ವಾದಿಸಿದಳು. ನೌಕರಿ ಬಿಡುವುದಿಲ್ಲ ಎಂದಳು, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಸಂಗಪ್ಪ ಒಂದೇ ಮಾತು ಹೇಳಿದ. ತಾಯಿ ಉಪವಾಸ ಬಿದ್ದಿದ್ದಾಳೆ, ನೀನು ಬರದಿದ್ದರೆ ನಾನು ಯಾವ ಮುಖ ಹೊತ್ತು ಹೋಗಲಿ. ತನ್ನನ್ನು ಓದಿಸಿದ ಅಣ್ಣ ಎದುರಿಗೆ ಕೂತು ಹೀಗೆಂದರೆ ಅವಳಾದರೂ ಏನು ಮಾಡಿಯಾಳು? ಬುಧವಾರ ಮುಖ್ಯ ಶಿಕ್ಷಕಿಯ ಕೈಗೆ ರಾಜೀನಾಮೆ ಕೊಟ್ಟಳು. ಅವರು ರಜೆ ಹಾಕು, ಆರು ತಿಂಗಳು ನೋಡು ಎಂದು ಬಹಳ ಹೇಳಿದರಂತೆ. ಆ ಕಡೆಯವರು ನೌಕರಿ ಬಿಟ್ಟು ಬಂದರೆ ಮಾತ್ರ ಎಂದು ಹಟ ಹಿಡಿದಿದ್ದರು.

ಗುರುವಾರ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಆಯಿ ಹೋಗಿದ್ದಳು, ನಾನು ಹೋಗಲಿಲ್ಲ. ಹೊಟ್ಟೆನೋವು ಎಂದು ಮುಸುಕೆಳೆದು ಮಲಗಿದ್ದೆ. ಅವಳು ಖೋಲಿ ಬಿಡುವ ಮುಂಚೆ ನನ್ನ ಹಾಸಿಗೆಯ ಹತ್ತಿರ ಒಂದು ಗಳಿಗೆ ನಿಂತದ್ದು ಗೊತ್ತಾಯಿತು. ನಾನು ಕಣ್ಣು ಬಿಡಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು, ಇಂಡಿಗೆ ವರ್ಗವಾಯಿತು, ಒಂದು ಮಗುವೂ ಆಯಿತು. ಅವಳಿಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ. 'ಅಕ್ಕನಿಗೆ' ಎಂದು ಬರೆದ ಮೇಲೆ ಕೈ ಓಡುತ್ತಿರಲಿಲ್ಲ. ಕಾಗದ ಬರೆಯುವುದರಲ್ಲಿ ನನಗಿದ್ದ ಹೆಮ್ಮೆಯೆಲ್ಲ ಆ ಒಂದು ನೀಲಿ ಹಾಳೆಯಲ್ಲೇ ಖರ್ಚಾಗಿತ್ತು.

ನಾಲ್ಕು ವರ್ಷದ ಮೇಲೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಮುದ್ದೇಬಿಹಾಳಕ್ಕೆ ಹಾಕಿದರು. ಕೊನೆಯ ದಿನ ಪರೀಕ್ಷೆ ಬೇಗ ಮುಗಿಯಿತು. ಜೊತೆಯವರು ಊರಿಗೆ ಹೊರಟರೆ ನಾನು ಧೈರ್ಯ ಮಾಡಿ ಗುರುಬಾಯಿಯ ಗಂಡನ ಹಳ್ಳಿಯ ಬಸ್ಸು ಹತ್ತಿದೆ. ಅವಳನ್ನು ಕಂಡದ್ದು ಅದೇ ಕೊನೆ.

ದಾರಿಯುದ್ದಕ್ಕೂ ನನ್ನ ಮನಸ್ಸು ಒಂದು ಕೆಟ್ಟ ಆಟ ಆಡುತ್ತಿತ್ತು. ಅವಳು ಸುಖವಾಗಿದ್ದರೆ ನನ್ನ ತಪ್ಪು ಮಾಫಿ, ಕಷ್ಟದಲ್ಲಿದ್ದರೆ ಕಾಲಿಗೆ ಬಿದ್ದು ಅತ್ತು ಹಗುರಾಗುವುದು. ಎರಡರಲ್ಲಿ ಒಂದಂತೂ ಆಗುತ್ತದೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಅವಳು ಪಡಸಾಲೆಯಲ್ಲಿ ಕೂತು ತೊಗರಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಇಳಿಸಿ, ಅಯ್ಯ ಅಕ್ಕೋರು, ಎಂದು ಎದ್ದಳು. ಬಣ್ಣ ಕಂದಿತ್ತು, ಅಂಗೈ ಒರಟಾಗಿತ್ತು, ಕಣ್ಣ ಕೆಳಗೆ ಅದೇ ಬಾವು ಇತ್ತು. ಕೈಗಡಿಯಾರ ಇರಲಿಲ್ಲ. ಗಂಡ ಹೊಲಕ್ಕೆ ಹೋಗಿದ್ದ. ಎರಡನೆಯವಳು, ತೆಳ್ಳಗಿನ ಹೆಂಗಸು, ಅಕ್ಕಾ ಅಕ್ಕಾ ಎಂದು ಗುರುಬಾಯಿಯನ್ನು ಕೇಳಿ ಕೇಳಿ ಚಹಾ ಮಾಡಿದಳು. ಎರಡು ಮಕ್ಕಳು ಬರೆಯುವ ಪಾಟಿ ಹಿಡಿದುಕೊಂಡು ಗುರುಬಾಯಿಯ ತೊಡೆಗೆ ಒರಗಿ ಕೂತವು, ಹೆತ್ತವಳ ಕಡೆಗೆ ಹೋಗಲಿಲ್ಲ. ಇದು ಸುಖವೋ ಕಷ್ಟವೋ ನಾನು ಹೇಳಲಾರೆ. ಅವಳೂ ಹೇಳಲಿಲ್ಲ.

ಬಸ್ಸಿನವರೆಗೆ ಬಿಡಲು ಅವಳೊಬ್ಬಳೇ ಬಂದಳು. ರಸ್ತೆಯ ಬದಿಗೆ ಬನ್ನಿ ಗಿಡದ ನೆರಳಲ್ಲಿ ನಿಂತೆವು. ಸುತ್ತ ಯಾರೂ ಇರಲಿಲ್ಲ. ನಾನು ಬಾಯಿ ಬಿಟ್ಟೆ.

"ಅಕ್ಕಾ, ಆ ಕಾಗದ ನಾನ ಬರದಿದ್ದೆ."

"ಗೊತ್ತೈತ್ರಿ. ನಿಮ್ಮ ಅಕ್ಷರ ನನಗ ಗೊತ್ತಿಲ್ಲೇನು."

"ಅವತ್ತ ಯಾಕ ಹೇಳ್ಲಿಲ್ಲ?"

ಅವಳು ರಸ್ತೆಯ ಆಚೆಗೆ ನೋಡುತ್ತ ನಿಧಾನಕ್ಕೆ ಹೇಳಿದಳು.

"ನೀವು ಕೆಟ್ಟ ಮನಸಿಲೆ ಬರದಿದ್ರ ನಿಮ್ಮ ಜೋಡಿ ಜಗಳರ ಮಾಡಬಹುದಿತ್ತು. ಒಳ್ಳೇ ಮನಸಿಲೆ ಬರದೀರಿ. ಅದಕ್ಕ ಏನ ಅನ್ನೂದು? ಒಂದು ಮಾತು ಕೇಳಿದ್ರ ಆಗ್ತಿತ್ತು, ಅಕ್ಕೋರ. ಅಳ್ತೀಯೇನು ಅಂತ. ಇಲ್ಲ ಅಂತಿದ್ದೆ."

ನಾನು ಅತ್ತೆ. ಅವಳು ಅಳಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ದೂರದಲ್ಲಿ ಬಸ್ಸಿನ ಧೂಳೆದ್ದಾಗ, ಇಷ್ಟು ಹೊತ್ತು ಕೇಳಬೇಕೆಂದು ತಡೆದುಕೊಂಡಿದ್ದನ್ನು ಕೇಳುವವಳ ಹಾಗೆ ತಿರುಗಿದಳು.

"ಹುಡುಗ್ಯಾರಿಗೆ ಹದಿಮೂರರ ಮಗ್ಗಿ ಅರ್ಧಾ ಮಾಡಿ ಬಂದಿದ್ದೆ. ಹದಿಮೂರ ಆರ್ಲೆ ತನಕಾ ಆಗಿತ್ತು. ಮುಂದ ಯಾರ ಹೇಳಿಕೊಟ್ರು?"

ಅವಳ ಜಾಗಕ್ಕೆ ಆ ವರ್ಷ ಯಾರೂ ಬರಲಿಲ್ಲ. ನಾಲ್ಕನೆಯ ಇಯತ್ತೆಯ ಹುಡುಗಿಯರನ್ನು ಅರ್ಧ ಮೂರಕ್ಕೆ, ಅರ್ಧ ಐದಕ್ಕೆ ಹಂಚಿ ಕೂಡಿಸಿದ್ದರು. ಯಾರಿಗೆ ಏನು ಬಂತು, ಏನು ಬಿಟ್ಟುಹೋಯಿತು, ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ.

"ನಾನ ಹೇಳಿಕೊಟ್ಟೆ," ಎಂದೆ.

"ಪೂರಾ ಆತೇನು?"

"ಆತು."

"ಛಲೋ ಆತ್ರಿ," ಎಂದಳು ಗುರುಬಾಯಿ. ಬಂದಾಗಿನಿಂದ ಮೊದಲ ಸಲ ಅವಳ ಮುಖ ಬಿಚ್ಚಿಕೊಂಡಿತು. ಬಸ್ಸು ನಿಂತಿತು, ನಾನು ಹತ್ತಿದೆ.